ಈ ಕಮರಿಯ ಹೊಳೆ ಎಲ್ಲಿ ಹೋಯ್ತು?

ಕಮರಿ ಅಂದಮೇಲೆ ತಳದಲ್ಲಿ ಹೊಳೆ ಇರಬೇಕು. ಇದು ಮಕ್ಕಳ ಲೆಕ್ಕ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾಡು ಬೆಳೆದ ಸುಣ್ಣದಕಲ್ಲಿನ ಕಮರಿಯೊಳಗೆ ಹತ್ತು ನಿಮಿಷ ನಡೆದರೂ ಎಷ್ಟೋ ಸಲ ಒಂದು ಹನಿ ನೀರು ಕಾಣುವುದಿಲ್ಲ. ಎರಡೂ ಬದಿಗೆ ಕಡಿದಾದ ಬಂಡೆಗೋಡೆ. ಗೋಡೆಯ ಮೈತುಂಬ ಹಸಿರು ಪಾಚಿ. ಕಾಲ ಕೆಳಗೆ ಮಾತ್ರ ಉದುರಿದ ಎಲೆ, ಒಣ ಕಲ್ಲು. “ನೀರೆಲ್ಲಿ?” ಅಂತ ಮಗು ಕೇಳುತ್ತದೆ. “ಬೇಸಿಗೆ ಅಲ್ವಾ, ಬತ್ತಿರಬೇಕು” ಅಂತ ಹೇಳಿ ದೊಡ್ಡವರು ಮುಂದೆ ಹೋಗುತ್ತಾರೆ.

ಬತ್ತಿಲ್ಲ. ನೀರು ಅಲ್ಲೇ ಇದೆ, ನಾವು ನಿಂತ ನೆಲದ ಅಡಿಯಲ್ಲಿ. ಮಳೆ ಬಿದ್ದ ಮಾರನೇ ದಿನ ಹೋದರೂ ಬಹಳಷ್ಟು ಕಡೆ ಇದೇ ಕಥೆ. ಈ ಕಾಣೆಯಾದ ಹೊಳೆಯನ್ನು ಹುಡುಕುತ್ತ ನಡೆದರೆ ಸಾಕು. ಕಮರಿಯ ಆಕಾರ, ಅಲ್ಲಿನ ಗಿಡಮರ, ಬಸವನಹುಳು, ಬಾವಲಿ, ಕೊನೆಗೆ ಕಾಲು ಎಲ್ಲಿ ಜಾರುತ್ತದೆ ಅನ್ನುವುದೂ ಒಂದೊಂದಾಗಿ ಅರ್ಥವಾಗುತ್ತ ಹೋಗುತ್ತದೆ. ಬೋರ್ಡಿನ ಮೇಲಿರುವ ಗಿಡಗಳ ಹೆಸರು ಓದಿ ಹೇಳುತ್ತ ಮಕ್ಕಳನ್ನು ಎಳೆದುಕೊಂಡು ಹೋಗುವುದಕ್ಕಿಂತ ಇದು ಎಷ್ಟೋ ಸುಲಭ.

ಉದಾಹರಣೆಗೆ ಜಾಸ್ತಿ ಇಂಗ್ಲೆಂಡಿನ ಜಾಗಗಳನ್ನೇ ತೆಗೆದುಕೊಂಡಿದ್ದೇನೆ. ಅಲ್ಲಿನ ಸಾಮರ್‌ಸೆಟ್‌ನಲ್ಲಿ ಮೆಂಡಿಪ್ ಅನ್ನುವ ಬೆಟ್ಟಸಾಲಿದೆ. ಅದರಲ್ಲಿ ಎಬರ್ ಗಾರ್ಜ್, ಚೆಡರ್ ಗಾರ್ಜ್ ಅಂತ ಎರಡು ಕಮರಿಗಳು. ಎಬರ್ ಚಿಕ್ಕದು, ಕಾಡು ಮುಚ್ಚಿದ್ದು, ರಾಷ್ಟ್ರೀಯ ನಿಸರ್ಗಧಾಮ ಅಂತ ಕಾಪಾಡಿರುವ ಜಾಗ. ಚೆಡರ್ ದೊಡ್ಡದು, ಒಳಗೇ ಟಾರು ರಸ್ತೆ ಇದೆ. ಮಕ್ಕಳ ಜೊತೆ ನಡೆಯಲು ಎಬರ್ ತರಹದ್ದೇ ಚೆನ್ನ. ಕಮರಿ ಹೇಗೆ ಹುಟ್ಟಿತು ಅಂತ ತಿಳಿಯಲು ಚೆಡರ್ ಒಳ್ಳೆಯ ಪಾಠ.

ಕಲ್ಲು ಕರಗುತ್ತದಾ?

ಸುಣ್ಣದಕಲ್ಲು ಹುಟ್ಟಿದ್ದೇ ನೀರಿನಲ್ಲಿ. ಬೆಚ್ಚಗಿನ, ಅಷ್ಟೇನೂ ಆಳವಿಲ್ಲದ ಸಮುದ್ರದಲ್ಲಿ ಚಿಪ್ಪಿನ ಜೀವಿಗಳು, ಹವಳಗಳು ಸತ್ತು ತಳಕ್ಕೆ ಬಿದ್ದವು. ಅವುಗಳ ಮೇಲೆ ಮತ್ತಷ್ಟು ಬಿದ್ದು, ಒತ್ತಿ, ಪದರ ಪದರವಾಗಿ ಕಲ್ಲಾಯಿತು. ಮೆಂಡಿಪ್‌ನ ಈ ಕಲ್ಲಿಗೆ ಸುಮಾರು 33ರಿಂದ 35 ಕೋಟಿ ವರ್ಷ ವಯಸ್ಸು. ಆಗ ಆ ನೆಲ ಭೂಮಧ್ಯರೇಖೆಯ ಹತ್ತಿರ ಇತ್ತು ಅಂದರೆ ಈಗಿನ ಅಲ್ಲಿಯ ಚಳಿ ನೋಡಿದವರಿಗೆ ನಂಬುವುದು ಕಷ್ಟ.

ಬಂಡೆಗೆ ಮುಖವನ್ನು ಒಂದು ಗೇಣು ಹತ್ತಿರ ಒಯ್ದು ನೋಡಿ. ಕೆಲವು ಕಡೆ ಶರ್ಟಿನ ಗುಂಡಿಯಂಥ ಪುಟ್ಟ ಬಿಲ್ಲೆಗಳು ಕಾಣುತ್ತವೆ, ನಡುವೆ ಒಂದು ತೂತು. ಅವು ಕಡಲಲಿಲ್ಲಿ ಅನ್ನುವ ಜೀವಿಯ ಕಾಂಡದ ತುಂಡುಗಳು. ಹೆಸರು ಹೂವಿನದು, ಜೀವಿ ಪ್ರಾಣಿ. ನಕ್ಷತ್ರಮೀನಿನ ನೆಂಟ. ಮಕ್ಕಳ ಕಣ್ಣು ಬಂಡೆಯ ಎತ್ತರಕ್ಕೇ ಇರುವುದರಿಂದ ಇಂಥವು ಮೊದಲು ಸಿಗುವುದು ಅವರಿಗೇ. ಕೀಳುವ ಹಾಗಿಲ್ಲ, ನಿಸರ್ಗಧಾಮದ ಕಲ್ಲು ಅಲ್ಲೇ ಇರಬೇಕು. ಬೆರಳಿಂದ ಸವರಿ ನೋಡಬಹುದು.

ಈ ಕಲ್ಲಿನಲ್ಲಿ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪೂ ಅದೇ. ನಡಿಗೆಯ ಹಿಂದಿನ ದಿನ ಮನೆಯಲ್ಲಿ ಒಂದು ಆಟ ಆಡಿ. ಗಾಜಿನ ಲೋಟದಲ್ಲಿ ವಿನೆಗರ್ ಸುರಿದು ಒಂದು ಹಸಿ ಮೊಟ್ಟೆ ಮುಳುಗಿಸಿ. ಒಂದೆರಡು ನಿಮಿಷದಲ್ಲೇ ಚಿಪ್ಪಿನ ಮೈಗೆಲ್ಲ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ, ಸೋಡಾ ಲೋಟದಲ್ಲಿ ಕಾಣುವ ಹಾಗೆ. ಮಾರನೇ ದಿನ ನೋಡಿದರೆ ಚಿಪ್ಪು ಹೆಚ್ಚುಕಡಿಮೆ ಮಾಯ. ಬರೀ ಪೊರೆ ಹೊತ್ತ, ರಬ್ಬರಿನಂತೆ ಮೆತ್ತಗಾದ ಮೊಟ್ಟೆ ಕೈಗೆ ಸಿಗುತ್ತದೆ. ಹುಳಿ ಈ ಪದಾರ್ಥವನ್ನು ತಿನ್ನುತ್ತದೆ, ಅಷ್ಟು ಗೊತ್ತಾದರೆ ಕಮರಿಯ ಅರ್ಧ ಕಥೆ ಗೊತ್ತಾದ ಹಾಗೆ.

ಮಳೆನೀರು ವಿನೆಗರ್‌ನಷ್ಟು ಹುಳಿ ಅಲ್ಲ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಸೇರಿ ಅದಕ್ಕೆ ನಾಲಿಗೆಗೆ ಗೊತ್ತಾಗದಷ್ಟು ಹುಳಿ ಬಂದಿರುತ್ತದೆ. ಆ ನೀರು ಕಾಡಿನ ಮಣ್ಣಿಗೆ ಇಳಿದಾಗ ಹುಳಿ ಏರುತ್ತದೆ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುತ್ತವಲ್ಲ, ಅಲ್ಲಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿಗಿಂತ ಹತ್ತಾರು ಪಟ್ಟು ಇರಬಹುದು. ಅಂದರೆ ಕಾಡೇ ತನ್ನ ಕಾಲಡಿಯ ಕಲ್ಲನ್ನು ತಿನ್ನಲು ನೀರಿಗೆ ಹಲ್ಲು ಕೊಡುತ್ತದೆ.

ಆದರೆ ವೇಗ? ಯಾರ್ಕ್‌ಷೈರ್‌ನ ನಾರ್ಬರ್ ಅನ್ನುವ ಕಡೆ ಇದನ್ನು ಕಣ್ಣಾರೆ ಅಳೆಯಬಹುದು. ಹಿಂದೆ ಹಿಮನದಿಯೊಂದು ಬೇರೆ ಜಾತಿಯ ಕಪ್ಪು ಗುಂಡುಕಲ್ಲುಗಳನ್ನು ತಂದು ಸುಣ್ಣದಕಲ್ಲಿನ ಹಾಸಿನ ಮೇಲೆ ಬಿಟ್ಟುಹೋಗಿತ್ತು. ಆಮೇಲೆ ಸಾವಿರಾರು ವರ್ಷ ಮಳೆ ಸುರಿದು ಸುತ್ತಲಿನ ಹಾಸು ಕರಗುತ್ತ ಕೆಳಗಿಳಿಯಿತು. ಗುಂಡಿನ ಅಡಿಯಲ್ಲಿದ್ದ ಕಲ್ಲು ಮಾತ್ರ ಕೊಡೆಯ ಕೆಳಗೆ ನಿಂತ ಹಾಗೆ ಒದ್ದೆಯಾಗದೆ ಉಳಿಯಿತು. ಈಗ ಒಂದೊಂದು ಗುಂಡೂ ಸುಮಾರು ಒಂದಡಿ ಎತ್ತರದ ಪೀಠದ ಮೇಲೆ ಕೂತಿದೆ. ಹಿಮ ಕರಗಿ ಹೋದಮೇಲಿನ ಅಷ್ಟೂ ಕಾಲದ ಮಳೆ ಸೇರಿ ಮಾಡಿದ ಕೆಲಸ ಆ ಒಂದಡಿ.

ಹಾಸಿನ ಮೇಲೆ ಇಷ್ಟು ನಿಧಾನ. ಬಿರುಕಿನಲ್ಲಿ ಹಾಗಲ್ಲ. ಸುಣ್ಣದಕಲ್ಲಿನ ಪದರಗಳ ನಡುವೆ ಸಂದು, ಪದರಗಳನ್ನು ಅಡ್ಡ ಸೀಳಿದ ಬಿರುಕು, ಎರಡೂ ಇರುತ್ತವೆ. ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಬಿರುಕು ಅಗಲವಾದಷ್ಟೂ ಜಾಸ್ತಿ ನೀರು, ಜಾಸ್ತಿ ನೀರು ಬಂದಷ್ಟೂ ಬಿರುಕು ಇನ್ನಷ್ಟು ಅಗಲ. ಕೂದಲೆಳೆಯಷ್ಟಿದ್ದದ್ದು ಕೊಳವೆಯಾಗುತ್ತದೆ, ಕೊಳವೆ ಗುಹೆಯಾಗುತ್ತದೆ. ಕೊನೆಗೆ ಮೇಲೆ ಹರಿಯುತ್ತಿದ್ದ ಹೊಳೆಯೇ ಒಂದು ಗುಂಡಿಯ ಬಾಯಲ್ಲಿ ಬಿದ್ದು ಭೂಮಿಯೊಳಗೆ ಹೋಗಿಬಿಡುತ್ತದೆ. ಮೆಂಡಿಪ್ ಬೆಟ್ಟದ ನೆತ್ತಿಯ ಮೇಲೆ ಇಂಥ ನುಂಗುಗುಂಡಿಗಳು ಬೇಕಾದಷ್ಟಿವೆ.

ನೀರು ಒಳಗೆ ಹೋಗುವುದಾದರೆ ಕಮರಿ ಕೊರೆದವರು ಯಾರು?

ಇಲ್ಲೊಂದು ತೊಡಕಿದೆ, ಜಾಣ ಮಗು ಇದನ್ನೂ ಕೇಳುತ್ತದೆ. ನೀರು ನೆಲದೊಳಗೆ ಇಳಿದುಹೋಗುವ ಕಲ್ಲಿನಲ್ಲಿ ಮೇಲಿನಿಂದ ಇಷ್ಟು ಆಳ ಕೊರೆದದ್ದು ಏನು? ಚೆಡರ್ ಗಾರ್ಜ್‌ನ ಆಳ ಒಂದು ಕಡೆ 137 ಮೀಟರ್ ಇದೆ.

ಹಿಂದೆ ಇದಕ್ಕೆ ಒಂದು ರೋಚಕ ಉತ್ತರ ಇತ್ತು. ಕೆಳಗೆ ದೊಡ್ಡ ಗುಹೆ ಇತ್ತು, ಅದರ ಮಾಡು ಕುಸಿದು ಕಮರಿಯಾಯಿತು ಅಂತ. ಕೇಳಲು ಚೆನ್ನಾಗಿದೆ. ಕೆಲವು ಚಿಕ್ಕ ಕಮರಿಗಳಲ್ಲಿ, ಕೆಲವು ತುಂಡುಗಳಲ್ಲಿ ಹಾಗೆ ಆಗಿರುವುದೂ ಉಂಟು. ಆದರೆ ಚೆಡರ್ ತರಹದ ದೊಡ್ಡ ಕಮರಿಗೆ ಭೂವಿಜ್ಞಾನಿಗಳು ಈಗ ಒಪ್ಪುವ ಉತ್ತರ ಬೇರೆ. ನನಗೆ ಕುಸಿದ ಗುಹೆಗಿಂತ ಇದೇ ಇಷ್ಟ.

ಹಿಮಯುಗದಲ್ಲಿ ಮೆಂಡಿಪ್ ಮೇಲೆ ಹಿಮನದಿ ಕೂತಿರಲಿಲ್ಲ. ಆದರೆ ನೆಲ ಆಳದವರೆಗೆ ಹೆಪ್ಪುಗಟ್ಟಿತ್ತು. ಬಿರುಕುಗಳೊಳಗಿನ ನೀರೆಲ್ಲ ಮಂಜುಗಡ್ಡೆಯಾಗಿ ದಾರಿ ಮುಚ್ಚಿತು. ಬಚ್ಚಲಿನ ಜಾಲರಿಗೆ ಕಸ ಕಟ್ಟಿಕೊಂಡರೆ ಏನಾಗುತ್ತದೆ? ನೀರು ಕೆಳಗಿಳಿಯದೆ ಮೇಲೇ ಹರಿಯುತ್ತದೆ. ಇಲ್ಲೂ ಅದೇ. ಬೇಸಿಗೆಯಲ್ಲಿ ಮೇಲಿನ ಹಿಮ ಕರಗಿದಾಗ ಅಷ್ಟೂ ನೀರು ನೆಲದ ಮೇಲೇ ನುಗ್ಗಿತು, ಜೊತೆಗೆ ಚಳಿಗೆ ಒಡೆದ ಕಲ್ಲುಗಳನ್ನೂ ಉರುಳಿಸಿಕೊಂಡು. ಕಮರಿ ಕೊರೆದದ್ದು ಆ ಪ್ರವಾಹ. ಒಂದೇ ಸಲ ಅಲ್ಲ, ಚಳಿ ಬಂದು ಹೋದ ಹಲವು ಸರದಿಗಳಲ್ಲಿ. ಕೊನೆಯ ಹಿಮಯುಗ ಸುಮಾರು 11,700 ವರ್ಷದ ಹಿಂದೆ ಮುಗಿಯಿತು. ನೆಲ ಬೆಚ್ಚಗಾಯಿತು, ಬಿರುಕಿನ ಮಂಜು ಕರಗಿತು, ಜಾಲರಿ ತೆರೆಯಿತು. ಹೊಳೆ ಒಳಗಿಳಿದು ಹೋಯಿತು. ಕಮರಿ ಹಾಗೇ ಒಣಗಿ ಉಳಿಯಿತು.

ಆ ಚಳಿಗೆ ಸಾಕ್ಷಿಯೂ ಇದೆ. ಎಬರ್ ಗಾರ್ಜ್‌ನ ಗುಹೆಗಳನ್ನು ಅಗೆದಾಗ ಹಿಮಸಾರಂಗದ ಎಲುಬುಗಳು ಸಿಕ್ಕಿದ್ದವು. ಉತ್ತರದ ಕೊರೆಯುವ ಚಳಿಯಲ್ಲಿ ಬದುಕುವ ಪ್ರಾಣಿ ಅದು.

ಜಾಲರಿ ಈಗಲೂ ಒಮ್ಮೊಮ್ಮೆ ಸೋಲುತ್ತದೆ. ಯಾರ್ಕ್‌ಷೈರ್‌ನ ಮಾಲಮ್ ಕೋವ್ ಸುಮಾರು 80 ಮೀಟರ್ ಎತ್ತರದ ಸುಣ್ಣದಕಲ್ಲಿನ ಗೋಡೆ. ಒಂದು ಕಾಲದಲ್ಲಿ ಅದು ಜಲಪಾತ. ಆ ಗೋಡೆಯ ಮೇಲಿಂದ ನೀರು ಬಿದ್ದದ್ದನ್ನು ಊರಿನ ಯಾರೂ ನೋಡಿರಲಿಲ್ಲ. 2015ರ ಡಿಸೆಂಬರ್ 6ರಂದು ಡೆಸ್ಮಂಡ್ ಬಿರುಗಾಳಿಯ ಮಳೆಗೆ ಒಳದಾರಿಗಳೆಲ್ಲ ತುಂಬಿ, ನೀರು ಹಳೆಯ ದಾರಿ ಹಿಡಿದು ಮೇಲಿಂದ ಧುಮುಕಿತು. ಕೆಲವೇ ಗಂಟೆ. ಆಮೇಲೆ ಮತ್ತೆ ಒಣ ಗೋಡೆ. ಒಣ ಕಮರಿ ಅಂದರೆ ಯಾವತ್ತೂ ಒಣದೇ ಅಂತ ಅಲ್ಲ. ಜೋರು ಮಳೆಯ ದಿನ ಮಕ್ಕಳನ್ನು ಕಮರಿಯ ತಳಕ್ಕೆ ಕರೆದೊಯ್ಯಬೇಡಿ ಅನ್ನುವುದು ಇದಕ್ಕೇ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಬೆಟ್ಟದ ನೆತ್ತಿಯಲ್ಲಿ ಮೋಡ ಕಟ್ಟಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಕಮರಿಯ ಎರಡು ಬದಿ ಒಂದೇ ತರ ಇದೆಯಾ ಅಂತಲೂ ಮಕ್ಕಳಿಗೆ ನೋಡಲು ಹೇಳಿ. ಚೆಡರ್‌ನಲ್ಲಿ ದಕ್ಷಿಣದ ಬದಿ ಕತ್ತಿಯಿಂದ ಕಡಿದ ಹಾಗೆ ನೆಟ್ಟಗಿದೆ, ಉತ್ತರದ್ದು ಇಳಿಜಾರು. ಕಲ್ಲಿನ ಪದರಗಳೆಲ್ಲ ದಕ್ಷಿಣಕ್ಕೆ ವಾಲಿರುವುದೇ ಕಾರಣ. ಉತ್ತರದ ಬದಿಯಲ್ಲಿ ಪದರಗಳು ಕಮರಿಯ ಕಡೆಗೇ ವಾಲಿವೆ, ಹಾಗಾಗಿ ಸಡಿಲಾದ ಬಂಡೆ ಸುಮ್ನೆ ಜಾರಿ ಕೆಳಗೆ ಬರುತ್ತದೆ. ದಕ್ಷಿಣದಲ್ಲಿ ಪದರಗಳು ಬೆಟ್ಟದ ಒಳಕ್ಕೆ ವಾಲಿವೆ, ಗೋಡೆ ನಿಲ್ಲುತ್ತದೆ. ಒಂದು ಪುಸ್ತಕದ ಕಟ್ಟನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ಯಾವ ಕಡೆಯಿಂದ ಪುಸ್ತಕ ಜಾರುತ್ತದೆ ಅಂತ ನೋಡಿ, ಅಷ್ಟೇ.

ಗೋಡೆಯ ಮೇಲೆ ಬದುಕುವವರು

ನೀರು ಕಣ್ಣಿಗೆ ಕಾಣದಿದ್ದರೂ ಕಮರಿಯ ಗಾಳಿಯಲ್ಲಿ ತುಂಬಿರುತ್ತದೆ. ಗೋಡೆಗಳ ನಡುವೆ ಬಿಸಿಲು ಬೀಳುವುದು ಕಡಿಮೆ. ತಣ್ಣನೆಯ ಗಾಳಿ ಭಾರ, ಅದು ಇಳಿದು ತಳದಲ್ಲಿ ಕೂರುತ್ತದೆ. ಮೇಲೆ ಮರಗಳ ಚಪ್ಪರ ತೇವವನ್ನು ಹೊರಗೆ ಬಿಡುವುದಿಲ್ಲ. ಹೊರಗೆ ಸೆಕೆ ಇದ್ದರೂ ಒಳಗೆ ಹೋಗುತ್ತಲೇ ಮಕ್ಕಳು ತೋಳು ಕಟ್ಟಿಕೊಳ್ಳುತ್ತಾರೆ. ಒಂದೊಂದು ಸ್ವೆಟರ್ ಚೀಲದಲ್ಲಿರಲಿ. ಪಾಚಿ, ಜರಿಗಿಡಗಳಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಇಂಗ್ಲೆಂಡಿನ ಕಮರಿಗಳಲ್ಲಿ ಬಂಡೆಯ ಸಂದಿನಿಂದ ಉದ್ದ ನಾಲಿಗೆಯಂತೆ ಇಳಿಬಿದ್ದ, ಅಂಚು ಸೀಳಿಲ್ಲದ ಹೊಳೆಯುವ ಎಲೆಗಳ ಜರಿಗಿಡ ಕಂಡರೆ ಅದು ಸುಣ್ಣ ಇಷ್ಟಪಡುವ ಜಾತಿ. ಅಲ್ಲಿಯವರು ಅದನ್ನು ಸಾರಂಗದ ನಾಲಿಗೆ ಅಂತಲೇ ಕರೆಯುತ್ತಾರೆ.

ನನ್ನ ಪ್ರಕಾರ ಮಕ್ಕಳಿಗೆ ಇಲ್ಲಿ ನಿಜವಾದ ನಿಧಿ ಬಸವನಹುಳು. ಚಿಪ್ಪು ಕಟ್ಟಲು ಸುಣ್ಣ ಬೇಕು, ಇಲ್ಲಿ ಸುಣ್ಣಕ್ಕೆ ಬರವಿಲ್ಲ. ಹಾಗಾಗಿ ಸುಣ್ಣದಕಲ್ಲಿನ ಕಾಡಿನಲ್ಲಿ ಬಸವನಹುಳುಗಳ ಜಾತಿಯೂ ಜಾಸ್ತಿ, ಸಂಖ್ಯೆಯೂ ಜಾಸ್ತಿ. ಮಳೆ ನಿಂತ ಅರ್ಧ ಗಂಟೆಗೆ ಬಂಡೆಯ ಮೇಲೆ ನೋಡಿ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ, ತೆಳ್ಳಗೆ ಚೂಪಾದ ಕಂದು ಚಿಪ್ಪುಗಳು ಪಾಚಿಯ ನಡುವೆ ಏರುತ್ತಿರುತ್ತವೆ. ಖಾಲಿ ಚಿಪ್ಪೊಂದು ಸಿಕ್ಕರೆ ಚೂಪು ತುದಿ ಮೇಲೆ, ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಬಾಯಿ ಎಡಕ್ಕೆ ಬರುತ್ತದೆ. ಬೇರೆ ಬಸವನಹುಳುಗಳಲ್ಲಿ ಸಾಮಾನ್ಯವಾಗಿ ಬಲಕ್ಕೆ. ಈ ಪುಟ್ಟ ಜಾತಿಯವು ಎಡಚರು. ಒಮ್ಮೆ ಇದನ್ನು ತೋರಿಸಿದ ಮೇಲೆ ಮಕ್ಕಳು ಸಿಕ್ಕಸಿಕ್ಕ ಚಿಪ್ಪನ್ನೆಲ್ಲ ತಿರುಗಿಸಿ ನೋಡುತ್ತಾರೆ. ಮುಂದಿನ ಇನ್ನೂರು ಮೀಟರ್ ನಡೆಯಲು ಅರ್ಧ ಗಂಟೆ ಬೇಕಾಗುತ್ತದೆ ಅನ್ನುವುದೂ ನಿಮಗೆ ಗೊತ್ತಿರಲಿ.

ದಾರಿಯ ಪಕ್ಕ ಒಂದು ಕಲ್ಲಿನ ಸುತ್ತ ಒಡೆದ ಚಿಪ್ಪುಗಳ ರಾಶಿ ಬಿದ್ದಿದ್ದರೆ ಅದು ಸಾಂಗ್ ಥ್ರಷ್ ಹಕ್ಕಿಯ ಅಡುಗೆಮನೆ. ಹಕ್ಕಿ ಹುಳುವನ್ನು ಕೊಕ್ಕಿನಲ್ಲಿ ಹಿಡಿದು ತಂದು ಅದೇ ಕಲ್ಲಿಗೆ ಬಡಿಯುತ್ತದೆ. ಟಕ್ ಟಕ್ ಸದ್ದು ಕೇಳಿಸಿದರೆ ನಿಂತುಬಿಡಿ, ಹತ್ತಿರ ಹೋಗಬೇಡಿ.

ವಸಂತದಲ್ಲಿ ಇಂಥ ಕಾಡಿನ ನೆಲವೆಲ್ಲ ಕಾಡು ಬೆಳ್ಳುಳ್ಳಿಯ ಅಗಲ ಎಲೆ, ಬಿಳಿ ಹೂವು. ಕಮರಿಯ ಬಾಯಲ್ಲೇ ಒಗ್ಗರಣೆಯ ವಾಸನೆ ಬರುತ್ತದೆ. ಆ ಎಲೆ ತಿನ್ನುವಂಥದ್ದೇ. ಆದರೆ ಅದರ ನಡುವೆಯೇ ಬೆಳೆಯುವ, ಎಳೆಯದಾಗಿದ್ದಾಗ ಹೆಚ್ಚುಕಡಿಮೆ ಹಾಗೇ ಕಾಣುವ ಬೇರೆ ಗಿಡಗಳು ವಿಷ. ಬೆಳ್ಳುಳ್ಳಿ ಮುಟ್ಟಿದ ಕೈಯಲ್ಲಿ ಮತ್ತೊಂದು ಎಲೆ ಹಿಡಿದರೆ ಅದಕ್ಕೂ ಅದೇ ವಾಸನೆ, ಮೂಗು ಮೋಸ ಹೋಗುತ್ತದೆ. ಬಂಡೆಯಂಚಿನಲ್ಲಿ ಬೆಳೆಯುವ ಯೂ ಮರದ ಕೆಂಪು ಹಣ್ಣಿನೊಳಗಿನ ಬೀಜವೂ ವಿಷ. ಮಕ್ಕಳಿಗೆ ಒಂದೇ ಮಾತು ಸಾಕು: ಕಾಡಿನದ್ದು ಯಾವುದೂ ಬಾಯಿಗೆ ಬೇಡ.

ಇನ್ನು ಮರಗಳ ವಿಷಯ. ಬ್ರಿಟನ್ನಿನ ಸುಣ್ಣದಕಲ್ಲಿನ ಕಮರಿಗಳಲ್ಲಿ ಆಶ್ ಮರದ್ದೇ ದರ್ಬಾರು ಆಗಿತ್ತು. ಪೂರ್ವ ಏಷ್ಯಾದಿಂದ ಯುರೋಪಿಗೆ ಬಂದ ಒಂದು ಶಿಲೀಂಧ್ರ ರೋಗ 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾಯಿತು. ಆಮೇಲೆ ಆಶ್ ಮರಗಳು ತುದಿಯಿಂದ ಒಣಗುತ್ತ ಸಾಯುತ್ತಿವೆ. ಒಣಗಿದ ಕೊಂಬೆ ಹೇಳದೆ ಕೇಳದೆ ಮುರಿದು ಬೀಳುತ್ತದೆ. ಚೆನ್ನಾಗಿದ್ದ ದಾರಿಯನ್ನು ಯಾಕೆ ಮುಚ್ಚಿದ್ದಾರೆ, ಯಾಕೆ ಇಷ್ಟು ಮರ ಕಡಿದಿದ್ದಾರೆ ಅಂತ ಸಿಟ್ಟು ಬಂದರೆ ಕಾರಣ ಹೆಚ್ಚಾಗಿ ಇದೇ. ಗಾಳಿ ಜೋರಿರುವ ದಿನ ಅಲ್ಲಿ ಹೋಗದಿರುವುದೇ ವಾಸಿ.

ಯಾವ ದಾರಿ, ಎಷ್ಟು ಹೊತ್ತು

ಮ್ಯಾಪಿನಲ್ಲಿ ಮೂರು ಕಿಲೋಮೀಟರ್ ಅಂತ ಕಂಡರೆ “ಮುಕ್ಕಾಲು ಗಂಟೆ” ಅಂದುಕೊಳ್ಳುತ್ತೇವೆ. ಬೆಟ್ಟ ಹತ್ತುವವರಿಗೆ ಒಂದು ಹಳೆಯ ಲೆಕ್ಕ ಇದೆ. ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟದ್ದು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಪ್ರಕಾರ ಮೂರು ಕಿಲೋಮೀಟರಿನ ಸುತ್ತಿಗೆ 36 ನಿಮಿಷ, ನೂರು ಮೀಟರ್ ಏರಿಗೆ 10 ನಿಮಿಷ, ಒಟ್ಟು 46. ಆದರೆ ಇದು ನಿಲ್ಲದೆ ನಡೆಯುವ ಗಟ್ಟಿ ಆಳಿನ ಲೆಕ್ಕ. ಆರು ವರ್ಷದ ಮಗು ಜೊತೆಗಿದ್ದರೆ ಅದನ್ನು ದುಪ್ಪಟ್ಟು ಮಾಡಿ, ಬಸವನಹುಳುಗಳಿಗೆ ಅಂತ ಅರ್ಧ ಗಂಟೆ ಸೇರಿಸಿ. ಎರಡು ಗಂಟೆ ಇಟ್ಟುಕೊಂಡರೆ ಯಾರೂ ಗದರುವ ಪ್ರಸಂಗ ಬರುವುದಿಲ್ಲ.

ಇಂಥ ನಿಸರ್ಗಧಾಮಗಳಲ್ಲಿ ಸಾಮಾನ್ಯವಾಗಿ ಉದ್ದ ಗಿಡ್ಡ ಎರಡು ಮೂರು ಸುತ್ತುದಾರಿಗಳಿರುತ್ತವೆ. ಚಿಕ್ಕದು ಕಾಡಿನೊಳಗೆ, ಸಮತಟ್ಟಾಗಿ. ದೊಡ್ಡದು ಕಮರಿಯ ತಳದಿಂದ ಬಂಡೆಗಳ ಮೇಲೆ ಹತ್ತಿ ನೆತ್ತಿಗೆ ಹೋಗಿ ಸುತ್ತಿ ಇಳಿಯುವಂಥದ್ದು. ಸುತ್ತುದಾರಿಯಲ್ಲಿ ಯಾವ ಕಡೆಯಿಂದ ಶುರು ಮಾಡುತ್ತೀರಿ ಅನ್ನುವುದೇ ಮುಖ್ಯ. ಬಂಡೆಯ ಭಾಗವನ್ನು ಹತ್ತುವಾಗ ಮುಗಿಸಿ, ಇಳಿಯುವುದು ಮಣ್ಣಿನ ದಾರಿಯಲ್ಲಾಗಲಿ. ಹತ್ತುವಾಗ ಮಗುವಿನ ಮುಖ ಕಲ್ಲಿಗೆ ಹತ್ತಿರ ಇರುತ್ತದೆ, ಎರಡು ಕೈಯೂ ಕೆಲಸ ಮಾಡುತ್ತವೆ, ಜಾರಿದರೂ ಮೊಣಕಾಲು ತರಚುತ್ತದೆ ಅಷ್ಟೇ. ಇಳಿಯುವಾಗ ಜಾರಿದರೆ ಬೀಳುವುದು ಹಿಂದಕ್ಕೆ, ಅಥವಾ ತಲೆಕೆಳಗಾಗಿ.

ಈ ಜಾರುವಿಕೆಗೂ ಕಲ್ಲಿನ ಗುಣವೇ ಕಾರಣ. ಸುಣ್ಣದಕಲ್ಲಿನ ಖನಿಜ ಮೆತ್ತಗಿನದು. ಗಡಸುತನದ ಮೋಸ್ ಅಳತೆಯಲ್ಲಿ ಅದಕ್ಕೆ 3. ನಮ್ಮ ಬೂಟಿನ ಅಡಿಗೆ ಅಂಟಿ ಬರುವ ಮರಳಿನ ಹರಳಿಗೆ 7. ಅಂದರೆ ನಡೆಯುವ ಪ್ರತಿಯೊಬ್ಬರೂ ಕಾಲಲ್ಲಿ ಉಪ್ಪುಕಾಗದ ಕಟ್ಟಿಕೊಂಡು ಬಂದ ಹಾಗೆ. ವರ್ಷಗಟ್ಟಲೆ ಉಜ್ಜಿಸಿಕೊಂಡ ಕಲ್ಲು ಗಾಜಿನ ಹಾಗೆ ನುಣುಪಾಗುತ್ತದೆ. ಮರಳುಗಲ್ಲು ಹೀಗಾಗುವುದಿಲ್ಲ, ಅದರ ಹರಳುಗಳು ಸವೆದರೂ ಒರಟಾಗೇ ಇರುತ್ತವೆ. ಹಾಗಾಗಿ ಇಲ್ಲೊಂದು ವಿಚಿತ್ರ: ಜನ ಜಾಸ್ತಿ ತುಳಿದ, ನಡುವಿನ ಹೊಳಪು ಮೆಟ್ಟಿಲೇ ಹೆಚ್ಚು ಅಪಾಯ. ಪಕ್ಕದ ಒರಟು ಅಂಚಿನಲ್ಲಿ ಕಾಲಿಡುವುದು ಮೇಲು. ಮಕ್ಕಳಿಗೆ “ಹುಷಾರು” ಅಂತ ಹತ್ತು ಸಲ ಕೂಗುವ ಬದಲು “ಹೊಳೆಯುವ ಕಲ್ಲು ಬಿಟ್ಟು ಕಾಲಿಡು” ಅಂದರೆ ಅದು ಆಟವೂ ಆಗುತ್ತದೆ, ಕೆಲಸವೂ ಆಗುತ್ತದೆ.

ತಳ್ಳುಗಾಡಿ ಇಲ್ಲಿ ಬರುವುದಿಲ್ಲ, ಕೂಸನ್ನು ಬೆನ್ನಿಗೋ ಎದೆಗೋ ಕಟ್ಟಿಕೊಳ್ಳಿ. ಅಡಿ ಒರಟಾಗಿರುವ ಶೂ ಬೇಕು. ಫೋನನ್ನು ಪೂರ್ತಿ ನಂಬಬೇಡಿ. ಕಮರಿಯೊಳಗೆ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. ಜಿಪಿಎಸ್ ಕೂಡ ಎಡವುತ್ತದೆ, ಯಾಕೆಂದರೆ ಉಪಗ್ರಹದ ಸಂಕೇತ ನೇರ ಬರದೆ ಗೋಡೆಗೆ ಬಡಿದು ಬರುತ್ತದೆ. ನೀವು ಬಂಡೆಯ ಒಳಗೆ ನಡೆಯುತ್ತಿದ್ದೀರಿ ಅಂತ ಮ್ಯಾಪು ತೋರಿಸಿದರೆ ಹೆದರಬೇಡಿ. ಹೊರಡುವ ಮುಂಚೆ ಬೋರ್ಡಿನ ನಕ್ಷೆಯ ಫೋಟೊ ತೆಗೆದಿಟ್ಟುಕೊಂಡರೆ ಸಾಕು. ವಾಪಸ್ ಬಂದ ಮೇಲೆ ಮಕ್ಕಳ ಮೊಣಕಾಲಿನ ಹಿಂದೆ, ಕಂಕುಳಲ್ಲಿ, ಕೂದಲಂಚಿನಲ್ಲಿ ಉಣ್ಣಿ ಕಚ್ಚಿದೆಯಾ ನೋಡಿ. ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಹಿಸುಕಬೇಡಿ. ಕೆಲವು ಉಣ್ಣಿಗಳಿಂದ ಲೈಮ್ ರೋಗ ಬರುತ್ತದೆ. ಆಮೇಲಿನ ವಾರಗಳಲ್ಲಿ ಅಲ್ಲಿ ಕೆಂಪು ಹರಡುತ್ತ ಹೋದರೆ ವೈದ್ಯರಿಗೆ ತೋರಿಸಿ.

ನೆತ್ತಿ ತಲುಪಿದ ಮೇಲೆ ಒಂದೇ ಕಟ್ಟುನಿಟ್ಟು: ಕೈ ಹಿಡಿದುಕೊಳ್ಳಬೇಕು. ಬಂಡೆಯಂಚಿನಲ್ಲಿ ಹುಲ್ಲು ಬೆಳೆದಿರುತ್ತದೆ, ಗಟ್ಟಿ ನೆಲದ ಹಾಗೆ ಕಾಣುತ್ತದೆ. ಸುಣ್ಣದಕಲ್ಲಿನ ಮೇಲೆ ಮಣ್ಣು ಬಲು ತೆಳು, ಕೆಳಗೆ ಕಲ್ಲು ಇರದೆ ಹುಲ್ಲೇ ಚಾಚಿಕೊಂಡಿರಬಹುದು. ಮೇಲಿಂದ ಕಲ್ಲೆಸೆದು ಸದ್ದು ಕೇಳುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ, ಕೆಲವು ಅಪ್ಪಂದಿರಿಗೂ. ಕೆಳಗಿನ ದಾರಿಯಲ್ಲಿ ಇನ್ನೊಂದು ಮನೆಯ ಮಕ್ಕಳಿರುತ್ತಾರೆ, ಮರ ಮುಚ್ಚಿರುವುದರಿಂದ ಅವರು ಕಾಣುವುದಿಲ್ಲ.

ಗುಹೆಯ ಬಾಯಿ

ದಾರಿಯಲ್ಲಿ ಗೋಡೆಯಲ್ಲೊಂದು ಕತ್ತಲೆ ತೂತು ಕಂಡೇ ಕಾಣುತ್ತದೆ. ಕಬ್ಬಿಣದ ಸರಳಿನ ಬಾಗಿಲು ಹಾಕಿದ್ದರೆ ಅದು ಸಾಮಾನ್ಯವಾಗಿ ಬಾವಲಿಗಳಿಗಾಗಿ, ನಮ್ಮನ್ನು ತಡೆದು ಅವುಗಳನ್ನು ಬಿಡುವಂಥದ್ದು. ಎಬರ್ ಸುತ್ತಮುತ್ತ ಲಾಳಮೂಗಿನ ಬಾವಲಿಗಳಿವೆ. ಮೂಗಿನ ಮೇಲಿನ ಮಡಿಕೆ ಕುದುರೆ ಲಾಳದ ಹಾಗಿರುವುದಕ್ಕೆ ಆ ಹೆಸರು. ಅವುಗಳಲ್ಲಿ ಚಿಕ್ಕ ಜಾತಿಯದ್ದು ಒಂದೊಂದೂ 5ರಿಂದ 9 ಗ್ರಾಂ ಅಷ್ಟೇ, ಒಂದೆರಡು ನಾಣ್ಯದ ತೂಕ. ಚಳಿಗಾಲದಲ್ಲಿ ರೆಕ್ಕೆ ಸುತ್ತಿಕೊಂಡು ಗುಹೆಯ ಮಾಡಿಗೆ ನೇರಳೆಹಣ್ಣಿನ ಹಾಗೆ ನೇತುಬಿದ್ದು ತಿಂಗಳುಗಟ್ಟಲೆ ಮಲಗುತ್ತವೆ. ತಿನ್ನಲು ಹುಳ ಸಿಗದ ಆ ಕಾಲಕ್ಕೆ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ. ಯಾರೋ ಟಾರ್ಚ್ ಹಾಕಿ ಎಬ್ಬಿಸಿದರೆ ಮೈ ಬಿಸಿ ಮಾಡಿಕೊಳ್ಳಲು ಬಹಳಷ್ಟು ಬುತ್ತಿ ಖರ್ಚಾಗುತ್ತದೆ. ಹೀಗೆ ನಾಲ್ಕಾರು ಸಲ ಆದರೆ ವಸಂತಕ್ಕೆ ಮುಂಚೆಯೇ ಬುತ್ತಿ ಮುಗಿಯುತ್ತದೆ.

ಗುಹೆಯೊಳಗೆ ಹೋಗಬೇಡಿ. ಆದರೆ ಬಾಗಿಲ ಹತ್ತಿರ ಒಂದು ನಿಮಿಷ ನಿಂತು ಅಂಗೈ ಚಾಚಬಹುದು. ಬೇಸಿಗೆಯಲ್ಲಿ ತಣ್ಣನೆ ಉಸಿರು ತಾಗುತ್ತದೆ. ಆಳದ ಗುಹೆಯ ಒಳಗಿನ ತಾಪಮಾನ ವರ್ಷವಿಡೀ ಹೆಚ್ಚುಕಡಿಮೆ ಒಂದೇ, ಆ ಊರಿನ ವರ್ಷದ ಸರಾಸರಿಗೆ ಹತ್ತಿರ. ಅದಕ್ಕೇ ಬೇಸಿಗೆಯಲ್ಲಿ ಅದು ತಂಪು, ಚಳಿಗಾಲದಲ್ಲಿ ಬೆಚ್ಚಗೆ.

ಹೊಳೆ ಸಿಕ್ಕಿತು

ನೀರು ಒಳಗಿಳಿದು ಹೋಯಿತು ಅಂದೆ. ಹೋದದ್ದು ಎಲ್ಲಿಗೆ? ಇದನ್ನು ಕಂಡುಹಿಡಿಯಲು ಹಿಂದೆ ಜನ ಏನೇನೋ ಮಾಡಿದ್ದಾರೆ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಒಂದು ಕಡೆ ಸುಣ್ಣದಕಲ್ಲಿನ ತಳದೊಳಗೆ ಇಂಗಿಹೋಗುತ್ತದೆ. ಸುಮಾರು 12 ಕಿಲೋಮೀಟರ್ ದೂರದಲ್ಲಿ ಆಖ್ ಅನ್ನುವ ದೊಡ್ಡ ಬುಗ್ಗೆ ಇದೆ. 1877ರಲ್ಲಿ ನದಿ ಇಂಗುವ ಜಾಗದಲ್ಲಿ ಹತ್ತು ಕಿಲೋ ಹಸಿರು ಬಣ್ಣ ಸುರಿದರು, ಜೊತೆಗೆ ಟನ್ನುಗಟ್ಟಲೆ ಉಪ್ಪು. ಸುಮಾರು 60 ಗಂಟೆಯ ನಂತರ ಬುಗ್ಗೆಯಲ್ಲಿ ಹಸಿರು, ಉಪ್ಪುಪ್ಪು ನೀರು ಎದ್ದು ಬಂತು.

ಮೆಂಡಿಪ್‌ನಲ್ಲಿ ಇದೇ ವಿಷಯ ಕೋರ್ಟು ಹತ್ತಿತ್ತು. ಎಬರ್ ಗಾರ್ಜ್‌ನ ಪಕ್ಕದ ವೂಕಿ ಹೋಲ್‌ನಲ್ಲಿ ಗುಹೆಯಿಂದ ಆಕ್ಸ್ ನದಿ ಹೊರಬರುತ್ತದೆ. ಆ ನೀರಲ್ಲಿ ಅಲ್ಲೊಂದು ಕಾಗದದ ಗಿರಣಿ ನಡೆಯುತ್ತಿತ್ತು. ಬೆಟ್ಟದ ಮೇಲೆ ಸೀಸದ ಅದಿರು ತೊಳೆಯುವವರು ಕೊಳಕು ನೀರನ್ನು ನುಂಗುಗುಂಡಿಗೆ ಬಿಟ್ಟರು. ಕಣ್ಣಿಗೆ ಕಾಣದ ದಾರಿಯಲ್ಲಿ ಅದು ಇಳಿದು ಬಂದು ಗಿರಣಿಯ ನೀರನ್ನು ಕೆಡಿಸಿತು. 1863ರಲ್ಲಿ ನ್ಯಾಯಾಲಯ ಗಿರಣಿಯವನ ಪರ ತೀರ್ಪು ಕೊಟ್ಟಿತು. ನೆಲದೊಳಗೆ ಬಿಟ್ಟದ್ದು ಕಣ್ಮರೆಯಾಯಿತು ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ ಅಂತಾಯಿತು.

ಹಾಗಾಗಿ ನನ್ನ ಸಲಹೆ ಇಷ್ಟು. ಕಮರಿಯ ನಡಿಗೆಯನ್ನು ಕಾರಿನ ಹತ್ತಿರ ಮುಗಿಸಬೇಡಿ. ಬೆಟ್ಟದ ಬುಡದಲ್ಲಿ ಎಲ್ಲಿ ಬುಗ್ಗೆ ಏಳುತ್ತದೆ ಅಂತ ನಕ್ಷೆಯಲ್ಲಿ ಮೊದಲೇ ಹುಡುಕಿಟ್ಟುಕೊಳ್ಳಿ. ಸುಣ್ಣದಕಲ್ಲು ಮುಗಿದು ಬೇರೆ ಕಲ್ಲು ಶುರುವಾಗುವ ಕಡೆ, ಬೆಟ್ಟ ಬಯಲಿಗೆ ಇಳಿಯುವ ಕಡೆ ಅದು ಇರುವ ಸಂಭವ ಜಾಸ್ತಿ. ದೊಡ್ಡ ಸದ್ದೇನೂ ಇರುವುದಿಲ್ಲ. ಬಂಡೆಯ ಬುಡದಿಂದ ಹೊಳೆಯೊಂದು ಎದ್ದು ಬರುತ್ತಿರುತ್ತದೆ, ಮೊದಲಿಂದಲೂ ಅಲ್ಲೇ ಇದ್ದ ಹಾಗೆ.

ನೀರಂಚಿನ ಕಡ್ಡಿಗಳನ್ನು ಗಮನಿಸಿ. ಕೆಲವು ಬುಗ್ಗೆಗಳಲ್ಲಿ ಕಡ್ಡಿ, ಎಲೆ, ಪಾಚಿಯ ಮೇಲೆಲ್ಲ ಬೂದುಬಣ್ಣದ ಗಟ್ಟಿ ಹೊದಿಕೆ ಇರುತ್ತದೆ. ಹೊರಗೆ ಬಂದ ನೀರು ಗಾಳಿಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟಾಗ ಹುಳಿ ಇಳಿಯುತ್ತದೆ, ಹೊತ್ತು ತಂದ ಸುಣ್ಣವನ್ನೂ ಇಳಿಸಿಬಿಡುತ್ತದೆ. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೂ ಇದೇ ವಸ್ತು. ಮೇಲೆ ಕರಗಿದ ಬಂಡೆ ಇಲ್ಲಿ ಮತ್ತೆ ಕಲ್ಲಾಗುತ್ತಿದೆ, ಒಂದು ಕಡ್ಡಿಯ ಮೇಲೆ.

ಮಗು ಅಷ್ಟು ಹೊತ್ತಿಗೆ ಶೂ ಬಿಚ್ಚಿರುತ್ತದೆ. ಕಾಲಿಟ್ಟು, “ಅಯ್ಯೋ, ಐಸು!” ಅಂತ ಕಿರುಚಿ ಹೊರಗೆ ಹಾರುತ್ತದೆ, ಮತ್ತೆ ಇಡುತ್ತದೆ. ಗುಹೆಯ ಬಾಗಿಲಲ್ಲಿ ಅಂಗೈಗೆ ತಾಗಿತ್ತಲ್ಲ, ಅದೇ ಚಳಿ.